ಡಾಕ್ಟರ್ ಜಾನ್ ರಾಕ್

ಮಕ್ಕಳಿಲ್ಲದವರಿಗೆ ಮಕ್ಕಳಾಗುವಂತೆ ಮಾಡುವುದರಲ್ಲೇ ಆಯುಷ್ಯದ ಬಹುಭಾಗವನ್ನು ಸವೆಸಿದ ವೈದ್ಯರೊಬ್ಬರು, ಗರ್ಭ ನಿಲ್ಲದಂತೆ ತಡೆಯುವ ಗುಳಿಗೆಯನ್ನು ಕೊಟ್ಟವರೆಂದು ಜಗತ್ತಿನಲ್ಲಿ ಹೆಸರಾದರು. ಆ ವೈದ್ಯರು ನಿಷ್ಠಾವಂತ ರೋಮನ್ ಕ್ಯಾಥೊಲಿಕರೂ ಆಗಿದ್ದರೆಂಬುದು ಇನ್ನೂ ದೊಡ್ಡ ಸೋಜಿಗ. ಅವರೇ ಡಾಕ್ಟರ್ ಜಾನ್ ರಾಕ್.

ರಾಕರು ಹುಟ್ಟಿದುದು 1890ರ ಮಾರ್ಚ್ 24ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮಾರ್ಲ್‌ಬರೋ ಎಂಬ ಊರಿನಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಮನೆತನ. ಹುಡುಗನಾಗಿದ್ದಾಗ ಊರಿನ ಪಾದ್ರಿಯೊಬ್ಬರು, ಯಾವಾಗಲೂ ನಿನ್ನ ಮನಸ್ಸಾಕ್ಷಿಯನ್ನೇ ಹಿಡಿದು ನಡೆ, ಅದನ್ನು ಬೇರೆಯವರ ಕೈಗೆ ಒಪ್ಪಿಸಬೇಡ ಎಂದು ಹೇಳಿದರಂತೆ. ಈ ಮಾತನ್ನು ರಾಕರು ಮುಪ್ಪಿನವರೆಗೂ ನೆನೆಯುತ್ತಿದ್ದರು. ಅದೇ ಮಾತು ಮುಂದೆ ತಮ್ಮನ್ನು ಎಲ್ಲಿಗೆ ಒಯ್ಯುವುದೆಂದು ಆ ಪಾದ್ರಿಗಳೂ ಎಣಿಸಿರಲಾರರು. ಕೆಲಕಾಲ ಗ್ವಾಟೆಮಾಲ ದೇಶದ ಬಾಳೆಯ ತೋಟದಲ್ಲಿ ದುಡಿದು, ಬಳಿಕ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ, 1918ರಲ್ಲಿ ವೈದ್ಯಪದವಿ ಪಡೆದರು.

1925ರಲ್ಲಿ ಅವರ ಮದುವೆ ನಿಶ್ಚಯವಾಯಿತು. ಮುನ್ನಾದಿನ ಪಾಪನಿವೇದನೆಗೆ ಹೋದಾಗ, ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ತಾವು ಮಾಡಿದ್ದುದನ್ನು ಹೇಳಿದರು. ಅದು ಮತವಿರೋಧಿಯೆಂದು ಬಗೆದ ಪಾದ್ರಿ ಕ್ಷಮೆ ನೀಡಲು ಒಪ್ಪಲಿಲ್ಲ. ಆಗ ಬಾಸ್ಟನ್ನಿನ ಕಾರ್ಡಿನಲ್ ಓಕಾನೆಲ್ ಅವರು ಆ ತಡೆಯನ್ನು ನಿವಾರಿಸಿ ತಾವೇ ಮದುವೆ ಮಾಡಿಸಿದರು. ದಂಪತಿಗಳಿಗೆ ಐವರು ಮಕ್ಕಳು ಹುಟ್ಟಿದರು. ರಾಕರು ಬೆಳಗಿನ ಪೂಜೆಯನ್ನು ತಪ್ಪಿಸುತ್ತಿರಲಿಲ್ಲ. ಅವರ ಕೋಣೆಯ ಗೋಡೆಯ ಮೇಲೆ ಶಿಲುಬೆಯಿತ್ತು.

ಬ್ರೂಕ್‌ಲೈನಿನಲ್ಲಿದ್ದ ಹೆಂಗಸರ ಧರ್ಮಾಸ್ಪತ್ರೆ ಅವರ ಕಾರ್ಯಕ್ಷೇತ್ರ. ಅಲ್ಲಿ ಮಿರಿಯಂ ಮೆಂಕಿನ್ ಎಂಬ ಸಹಾಯಕಿಯೊಡನೆ, ಮಾನವ ಅಂಡವನ್ನು ಗಾಜಿನ ಪಾತ್ರೆಯಲ್ಲಿ ಫಲಿತಗೊಳಿಸಿದ ಸಂಗತಿಯನ್ನು 1944ರಲ್ಲಿ ಪ್ರಕಟಿಸಿದರು. ಬಂಜೆತನದಿಂದ ಕಣ್ಣೀರಿಡುತ್ತಿದ್ದವರು ಅವರ ಬಾಗಿಲಿಗೆ ಬರುತ್ತಿದ್ದರು. ಅದೇ ಬಾಗಿಲಿಗೆ ವರ್ಷಕ್ಕೊಂದರಂತೆ ಹೆತ್ತು ಬತ್ತಿಹೋದ ಬಡ ತಾಯಂದಿರೂ ಬರುತ್ತಿದ್ದರು. ಅವರಲ್ಲಿ ಬಹುಮಂದಿ ಕ್ಯಾಥೊಲಿಕರೇ. ಆ ಸಂಸ್ಥಾನದಲ್ಲಿ ಗರ್ಭನಿರೋಧದ ಸಾಧನ ಕೊಡುವುದು ಕಾನೂನಿನಂತೆ ಅಪರಾಧವಾಗಿತ್ತು. 1931ರಲ್ಲಿ ಆ ಕಾನೂನನ್ನು ತೆಗೆಯಬೇಕೆಂಬ ಮನವಿಗೆ ಸಹಿ ಹಾಕಿದ ವೈದ್ಯರಲ್ಲಿ ಕ್ಯಾಥೊಲಿಕರು ರಾಕರೊಬ್ಬರೇ.

ಇಲ್ಲಿ ಧರ್ಮಪೀಠದ ನಿಲುವನ್ನು ಸ್ವಲ್ಪ ತಿಳಿಯಬೇಕು. 1930ರಲ್ಲಿ ಆಂಗ್ಲಿಕನ್ ಬಿಷಪ್ಪರು ಲ್ಯಾಂಬೆತ್ ಸಮ್ಮೇಳನದಲ್ಲಿ ದಂಪತಿಗಳಿಗೆ ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧವನ್ನು ಒಪ್ಪಿದರು. ಅದೇ ವರ್ಷದ ಕೊನೆಯ ದಿನ ಹನ್ನೊಂದನೆಯ ಪಯಸ್ ಪೋಪರು ತಮ್ಮ ಪತ್ರದಲ್ಲಿ ಅದನ್ನು ಖಂಡತುಂಡವಾಗಿ ನಿಷೇಧಿಸಿದರು. ದಾಂಪತ್ಯದ ಕೂಟವು ಸ್ವಭಾವತಃ ಸಂತಾನದತ್ತ ಮುಖ ಮಾಡಿದ್ದು, ಅದನ್ನು ಬುದ್ಧಿಪೂರ್ವಕವಾಗಿ ಬರಡುಮಾಡುವುದು ದೈವನಿಯಮಕ್ಕೆ ವಿರುದ್ಧವೆಂಬುದೇ ಅವರ ವಾದ. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಇಟಲಿಯ ಸೂಲಗಿತ್ತಿಯರಿಗೆ ಮಾಡಿದ ಭಾಷಣದಲ್ಲಿ ಒಂದು ದಾರಿ ತೋರಿದರು: ಗುರುತರ ಕಾರಣಗಳಿದ್ದರೆ ದಂಪತಿಗಳು ಫಲಕಾಲವನ್ನು ಬಿಟ್ಟು ನಿರ್ಭಯಕಾಲದಲ್ಲಿ ಮಾತ್ರ ಕೂಡಬಹುದು.

ಆದರೆ ದಿನ ಎಣಿಸುವ ಈ ಕ್ರಮದ ಕಷ್ಟ ರಾಕರಿಗೆ ಚೆನ್ನಾಗಿ ಗೊತ್ತಿತ್ತು. 1930ರ ದಶಕದಲ್ಲೇ ಅದನ್ನು ಕಲಿಸಲು ಅವರು ಚಿಕಿತ್ಸಾಲಯ ತೆರೆದಿದ್ದರು. ನಮ್ಮ ನಾಡಿಗೂ ಈ ಕ್ರಮದ ಅನುಭವವುಂಟು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮೈಸೂರು ಸಂಸ್ಥಾನದ ರಾಮನಗರದಲ್ಲಿ ಇದರ ಪ್ರಯೋಗ ಆರಂಭವಾಯಿತು. ದಿನದ ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ಕೊನೆಯವರೆಗೆ ಬಿಡದೆ ಅನುಸರಿಸಿದವರು ಕೆಲವರೇ.

ಅದೇ ಕಾಲಕ್ಕೆ ರಾಕರು ಬಂಜೆಯರಿಗೆ ಹಾರ್ಮೋನುಗಳನ್ನು ಕೊಟ್ಟು ಅವರ ಅಂಡಾಶಯಕ್ಕೆ ಕೆಲವು ತಿಂಗಳು ವಿಶ್ರಾಂತಿ ಕೊಡುತ್ತಿದ್ದರು. ಔಷಧ ನಿಲ್ಲಿಸಿದ ಬಳಿಕ 80 ಮಂದಿಯಲ್ಲಿ 13 ಮಂದಿ ಗರ್ಭಿಣಿಯರಾದರು. ಇತ್ತ ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿ, ಮಾರ್ಗರೆಟ್ ಸ್ಯಾಂಗರ್ ಅವರ ಪ್ರೇರಣೆಯಿಂದಲೂ ಕ್ಯಾಥರೀನ್ ಮೆಕಾರ್ಮಿಕ್ ಅವರ ಹಣದಿಂದಲೂ ಗರ್ಭನಿರೋಧಕ್ಕಾಗಿ ಅಂಥದೇ ಔಷಧವನ್ನು ಹುಡುಕುತ್ತಿದ್ದರು. ಒಬ್ಬರಿಗೆ ಗರ್ಭ ನಿಲ್ಲಿಸುವ ಹಂಬಲ, ಇನ್ನೊಬ್ಬರಿಗೆ ತಡೆಯುವ ಹಂಬಲ. ಇಬ್ಬರೂ ಒಂದೇ ವಸ್ತುವಿನ ಬಳಿ ಸಂಧಿಸಿದರು. ಕ್ಯಾಥೊಲಿಕ್ ವೈದ್ಯರೆಂದು ಸ್ಯಾಂಗರರಿಗೆ ಮೊದಮೊದಲು ರಾಕರ ಮೇಲೆ ನಂಬಿಕೆ ಇರಲಿಲ್ಲ.

1956ರಲ್ಲಿ ಪೋರ್ಟೊರಿಕೊ ದ್ವೀಪದ ರಿಯೊ ಪಿಯೆದ್ರಾಸಿನ ಬಡವರ ವಸತಿಯಲ್ಲಿ ದೊಡ್ಡ ಪ್ರಯೋಗ ನಡೆಯಿತು. ಈ ಭಾಗವನ್ನು ಮೆಚ್ಚಿ ಬರೆಯುವಂತಿಲ್ಲ. ತಾವು ಪ್ರಯೋಗಕ್ಕೆ ಒಳಗಾಗಿದ್ದೇವೆಂದು ಆ ಹೆಂಗಸರಿಗೆ ಸರಿಯಾಗಿ ತಿಳಿಸಿರಲಿಲ್ಲ. ಔಷಧದ ಪ್ರಮಾಣ ಇಂದಿನದಕ್ಕಿಂತ ಎಷ್ಟೋ ಹೆಚ್ಚು. ತಲೆಸುತ್ತು, ವಾಂತಿ ಎಂದು ಹೇಳಿಕೊಂಡರೆ ಹಗುರವಾಗಿ ಎಣಿಸಿದರು. ಮನಸ್ಸಾಕ್ಷಿಯ ಮಾತನಾಡುತ್ತಿದ್ದ ವೈದ್ಯರ ಬಾಳಿನಲ್ಲಿ ಇದೊಂದು ಕಪ್ಪು ಗೆರೆ.

1957ರಲ್ಲಿ ಆ ಗುಳಿಗೆಗೆ ಮುಟ್ಟಿನ ತೊಂದರೆಗಳಿಗಾಗಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಗರ್ಭನಿರೋಧಕ್ಕೂ ಅನುಮತಿ ಕೇಳಲು 1959ರ ಕೊನೆಯಲ್ಲಿ ರಾಕರೇ ವಾಷಿಂಗ್‌ಟನ್ನಿಗೆ ಹೋದರು. ಪರೀಕ್ಷಕರು ಕ್ಯಾಥೊಲಿಕ್ ತರುಣ ವೈದ್ಯರು. ನಮ್ಮ ಧರ್ಮಪೀಠ ಇದನ್ನು ಎಂದಿಗೂ ಒಪ್ಪದೆಂದು ಅವರು ಸೂಚಿಸಿದಾಗ, ನನ್ನ ಧರ್ಮಪೀಠವನ್ನು ಅಷ್ಟು ಕೀಳಾಗಿ ಎಣಿಸಬೇಡಿ ಎಂದು ಮುದುಕರು ಗದರಿಕೊಂಡರಂತೆ. 1960ರಲ್ಲಿ ಅನುಮತಿ ಬಂದಿತು.

ರಾಕರ ವಾದ ಸರಳವಾದುದು. ಬಸುರಿನಲ್ಲಿ ಅಂಡ ಬಿಡುಗಡೆಯಾಗದಂತೆ ಪ್ರಕೃತಿಯೇ ತಡೆಯುತ್ತದೆ. ಗುಳಿಗೆ ಮಾಡುವುದೂ ಅಷ್ಟೇ. ಪೋಪರು ಒಪ್ಪಿದ ನಿರ್ಭಯಕಾಲವನ್ನೇ ಅದು ಹಿಗ್ಗಿಸುತ್ತದೆ. ತಿಂಗಳಿಗೊಮ್ಮೆ ಗುಳಿಗೆ ನಿಲ್ಲಿಸಿ ಮುಟ್ಟು ಬರುವಂತೆ ಮಾಡಿದ ಏರ್ಪಾಟೂ ಈ ಸಹಜತೆಯನ್ನು ಎತ್ತಿಹಿಡಿಯುತ್ತಿತ್ತು. ಹನ್ನೆರಡನೆಯ ಪಯಸ್ ಪೋಪರು ಮಾತ್ರ 1958ರಲ್ಲಿಯೇ, ರೋಗಚಿಕಿತ್ಸೆಗೆ ಅಂಥ ಔಷಧ ಸಲ್ಲುವುದು, ಗರ್ಭ ತಡೆಯುವ ಉದ್ದೇಶಕ್ಕೆ ಸಲ್ಲದು ಎಂದು ತೀರ್ಮಾನಿಸಿದ್ದರು. ರಾಕರು ಎದೆಗುಂದದೆ 1963ರಲ್ಲಿ, ಕಾಲ ಕೂಡಿಬಂದಿದೆ ಎಂಬರ್ಥದ ಹೆಸರಿನ ಗ್ರಂಥವನ್ನು ಬರೆದು ತಮ್ಮ ವಾದವನ್ನು ಜನರ ಮುಂದಿಟ್ಟರು. ಅದೇ ವರ್ಷ ಇಪ್ಪತ್ತಮೂರನೆಯ ಜಾನ್ ಪೋಪರು ಈ ಪ್ರಶ್ನೆಯ ವಿಚಾರಣೆಗೆ ಸಮಿತಿಯನ್ನು ನೇಮಿಸಿದರು. ಆರನೆಯ ಪಾಲ್ ಪೋಪರು ಅದನ್ನು ವಿಸ್ತರಿಸಿ ಸಂಸಾರಿಗಳನ್ನೂ ಸೇರಿಸಿಕೊಂಡರು. 1966ರಲ್ಲಿ ಬಹುಮತದ ಅಭಿಪ್ರಾಯ ಬದಲಾವಣೆಯ ಕಡೆಗಿತ್ತು.

1968ರ ಜುಲೈ 25ರ ತಾರೀಖಿನ ಪತ್ರದಲ್ಲಿ ಪಾಲ್ ಪೋಪರು ಹಳೆಯ ನಿಷೇಧವನ್ನೇ ಸ್ಥಿರಪಡಿಸಿದರು. ಸತಿಪತಿಗಳ ಐಕ್ಯವನ್ನೂ ಸಂತಾನವನ್ನೂ ಮನುಷ್ಯನು ಬೇರ್ಪಡಿಸಬಾರದೆಂದರು. ಇಂಥ ಸಾಧನಗಳು ಸಿಕ್ಕರೆ ಗಂಡನಿಗೆ ಹೆಂಡತಿಯ ಮೇಲಿನ ಗೌರವ ಕುಗ್ಗೀತು, ಸರ್ಕಾರಗಳು ಪ್ರಜೆಗಳನ್ನು ಬಲಾತ್ಕರಿಸಾವು ಎಂದೂ ಎಚ್ಚರಿಸಿದರು. ಅದನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಬಿಡುವವರು 1976ರಲ್ಲಿ ನಮ್ಮ ದೇಶದಲ್ಲಿ ನಡೆದ ಬಲವಂತದ ಶಸ್ತ್ರಚಿಕಿತ್ಸೆಗಳನ್ನು ನೆನೆಯಬೇಕು. ಹಾಗೆಂದು ರಾಕರ ಬಾಗಿಲಿಗೆ ಬಂದ ಬಡ ತಾಯಂದಿರ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರ ಸಿಕ್ಕಿತೆಂದೂ ನನಗೆ ತೋರುವುದಿಲ್ಲ.

ಆಗ ರಾಕರಿಗೆ 78 ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಒಬ್ಬನೇ ಮಗನು 1946ರಲ್ಲೇ ಕಾರಿನ ಅಪಘಾತದಲ್ಲಿ ಸತ್ತಿದ್ದನು. ತನ್ನ ಧರ್ಮಪೀಠ ಒಪ್ಪಿಯೇ ಒಪ್ಪುವುದೆಂದು ನಂಬಿದ್ದ ಜೀವಕ್ಕೆ ಆ ಪತ್ರದ ಪೆಟ್ಟು ಬಲವಾಗಿಯೇ ತಗುಲಿತು. ದಿನವೂ ಪೂಜೆಗೆ ಹೋಗುತ್ತಿದ್ದವರು ಕ್ರಮೇಣ ಹೋಗುವುದನ್ನೇ ಬಿಟ್ಟರು. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಟೆಂಪಲ್ ಎಂಬ ಹಳ್ಳಿಯ ತೋಟದ ಮನೆಯಲ್ಲಿ ನೆಲಸಿ, ಹಿತ್ತಲ ಹೊಳೆಯಲ್ಲಿ ಈಜುತ್ತ, ಸೂಸಾನ ಬ್ಯಾಂಡು ಸಂಗೀತ ಕೇಳುತ್ತ ಕಾಲ ಕಳೆದರು. 1984ರ ಡಿಸೆಂಬರ್ 4ರಂದು, ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು.