ಮೇಕೆಗಳ ಕಾಲುನೋವಿನಿಂದ ಮುಳುಗುಗಾರರ ಜೀವ ಉಳಿಸಿದ ಹಾಲ್ಡೇನ್

ಸ್ಕೂಬಾ ಡೈವಿಂಗ್‌ನಲ್ಲಿ ಅಪಾಯವೆಲ್ಲ ಆಳದಲ್ಲಿದೆ, ಬೇಗ ಮೇಲೆ ಬಂದರೆ ಗೆದ್ದಂತೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಅವಸರದಲ್ಲಿ ಮೇಲೆ ಬರುವುದೇ ಜೀವಕ್ಕೆ ಕುತ್ತು ತರಬಹುದು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ಲೆಕ್ಕವನ್ನು ಜಗತ್ತಿಗೆ ಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1884ರಲ್ಲಿ ವೈದ್ಯ ಪದವಿ ಪಡೆದ ಅವರು ನಂತರ ಆಕ್ಸ್‌ಫರ್ಡ್‌ನಲ್ಲಿ ಉಸಿರಾಟದ ಬಗ್ಗೆ ಸಂಶೋಧನೆ ನಡೆಸಿದರು. ಗಣಿ ಸ್ಫೋಟಗಳಲ್ಲಿ ಹೆಚ್ಚಿನವರು ಸಾಯುವುದು ಸ್ಫೋಟದ ಹೊಡೆತಕ್ಕಲ್ಲ, ಆಮೇಲೆ ಹರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಎಂದು 1896ರಲ್ಲಿ ತೋರಿಸಿದರು. ಆ ಅನಿಲವನ್ನು ತಾವೇ ಉಸಿರಾಡಿ, ದೇಹದಲ್ಲಿ ಏನಾಗುತ್ತದೆ ಎಂದು ಬರೆದಿಟ್ಟರು. ಗಣಿಯೊಳಗೆ ಪುಟ್ಟ ಹಕ್ಕಿಗಳನ್ನು ಒಯ್ಯುವ ರೂಢಿ ಬಂದದ್ದು ಅವರ ಸಲಹೆಯಿಂದಲೇ.

ಆ ಕಾಲದ ನೌಕಾಪಡೆಯ ಮುಳುಗುಗಾರರಿಗೆ ಮೇಲೆ ಬಂದ ಮೇಲೆ ಕೀಲುನೋವು, ಕೈಕಾಲು ಸ್ವಾಧೀನ ತಪ್ಪುವುದು, ಕೆಲವೊಮ್ಮೆ ಸಾವು. ಇದನ್ನೇ ಈಗ ಡಿಕಂಪ್ರೆಶನ್ ಸಿಕ್‌ನೆಸ್ ಅಥವಾ ಬೆಂಡ್ಸ್ ಎನ್ನುತ್ತಾರೆ. ಕಾರಣ ಸರಳ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಆಗ ಉಸಿರಿನ ನೈಟ್ರೋಜನ್ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗುತ್ತದೆ. ಸರ್ರನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಅದು ಗುಳ್ಳೆಯಾಗುತ್ತದೆ. ಫ್ರಾನ್ಸಿನ ಪೌಲ್ ಬೇರ್ 1878ರಲ್ಲೇ ಈ ಗುಳ್ಳೆಗಳನ್ನು ಗುರುತಿಸಿದ್ದರು. ಆದರೆ ಎಷ್ಟು ನಿಧಾನ ಬಂದರೆ ಸುರಕ್ಷಿತ ಎಂಬ ಲೆಕ್ಕ ಸಿಕ್ಕಿರಲಿಲ್ಲ.

ಹಾಲ್ಡೇನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ನೋವಾದ ಮೇಕೆ ಮುಂಗಾಲು ಎತ್ತಿಕೊಂಡು ನಿಲ್ಲುತ್ತಿತ್ತು. ಒಟ್ಟು ಒತ್ತಡ ಅರ್ಧಕ್ಕೆ ಇಳಿಯುವವರೆಗೆ ಮೇಕೆಗಳಿಗೆ ತೊಂದರೆಯಾಗಲಿಲ್ಲ. ಹಾಗಾಗಿ ಮೊದಲು ಅರ್ಧ ಒತ್ತಡದವರೆಗೆ ಬೇಗ ಬಂದು, ಅಲ್ಲಿಂದ ಹಂತಹಂತವಾಗಿ ನಿಂತು ಬರುವ ಕ್ರಮ ಹುಟ್ಟಿತು. 1906ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ಇಬ್ಬರು ಮುಳುಗುಗಾರರು 210 ಅಡಿ ಇಳಿದು ಕ್ಷೇಮವಾಗಿ ಮರಳಿದರು. ಹಾಲ್ಡೇನರ 13 ವರ್ಷದ ಮಗನೂ ಅಲ್ಲಿ ನೀರಿಗಿಳಿದಿದ್ದ. ಮುಂದೆ ಹೆಸರಾಂತ ಜೀವವಿಜ್ಞಾನಿಯಾದ ಜೆ.ಬಿ.ಎಸ್. ಹಾಲ್ಡೇನ್ ಅವನೇ, 1957ರಲ್ಲಿ ಭಾರತಕ್ಕೆ ಬಂದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

1908ರಲ್ಲಿ ಹಾಲ್ಡೇನರ ಕೋಷ್ಟಕಗಳು ಪ್ರಕಟವಾದವು. ಆಮೇಲೆ ಅಂಕಿಗಳು ಎಷ್ಟೋ ಸಲ ಬದಲಾಗಿವೆ, ಆದರೆ ಇಂದಿನ ಡೈವ್ ಕಂಪ್ಯೂಟರ್‌ಗಳ ಲೆಕ್ಕದ ಬೇರು ಅಲ್ಲೇ ಇದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ವಿಷಾನಿಲದಿಂದ ಕಾಪಾಡುವ ಕೆಲಸಕ್ಕೂ ಇಳಿದಿದ್ದ ಹಾಲ್ಡೇನ್ 1936ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು.

ಇನ್ನೊಂದು ಸ್ವಾರಸ್ಯವಿದೆ. ಉಪ್ಪು ಹಾಕಿ ಸಂಸ್ಕರಿಸಿದ ಮಾಂಸ ಬೇಯಿಸಿದ ಮೇಲೂ ಕೆಂಪಗಿರಲು ನೈಟ್ರಿಕ್ ಆಕ್ಸೈಡ್ ಕಾರಣ ಎಂದು 1901ರಲ್ಲಿ ತೋರಿಸಿದವರೂ ಇದೇ ಹಾಲ್ಡೇನ್. ನಮ್ಮ ರಕ್ತನಾಳಗಳೂ ಈ ಅನಿಲವನ್ನು ತಯಾರಿಸಿ ತಮ್ಮನ್ನು ಸಡಿಲಿಸಿಕೊಳ್ಳುತ್ತವೆ ಎಂಬುದು ಅವರ ಕಾಲಕ್ಕೆ ಗೊತ್ತಿರಲಿಲ್ಲ. ಆ ಶೋಧಕ್ಕೆ 1998ರಲ್ಲಿ ನೊಬೆಲ್ ಬಂತು. ನೈಟ್ರಿಕ್ ಆಕ್ಸೈಡ್ ಕೊಡುವ ನೈಟ್ರೋಗ್ಲಿಸರಿನ್ ಔಷಧವನ್ನು ಮುಳುಗುವ ಮುನ್ನ ಕೊಟ್ಟಾಗ ರಕ್ತದಲ್ಲಿ ಗುಳ್ಳೆ ಕಡಿಮೆಯಾದದ್ದು 2006ರ ಒಂದು ಸಣ್ಣ ಅಧ್ಯಯನದಲ್ಲಿ ಕಂಡಿತು.

ಹಾಗಾದರೆ ಮಾತ್ರೆ ನುಂಗಿ, ಬೀಟ್‌ರೂಟ್ ರಸ ಕುಡಿದು ನಿಶ್ಚಿಂತೆಯಿಂದ ಮುಳುಗಬಹುದೇ? ಇಲ್ಲ. ಗುಳ್ಳೆ ಕಡಿಮೆಯಾಯಿತು ಎಂದರೆ ಕಾಯಿಲೆ ಬರುವುದೇ ಇಲ್ಲ ಎಂದು ಸಾಬೀತಾದಂತಲ್ಲ. ನೈಟ್ರೋಗ್ಲಿಸರಿನ್ ಹೃದ್ರೋಗಿಗಳ ಔಷಧ. ರಕ್ತದೊತ್ತಡವನ್ನು ಥಟ್ಟನೆ ಇಳಿಸುತ್ತದೆ. ನೀರಿನೊಳಗೆ ತಲೆಸುತ್ತಿದರೆ ಗತಿ ಏನು?

ನೀವು ನೇತ್ರಾಣಿಯಲ್ಲಿ ಮುಳುಗಿ, ಇನ್ನೆಲ್ಲೇ ಮುಳುಗಿ, ನಿಮ್ಮನ್ನು ಕಾಯುವುದು ಹಾಲ್ಡೇನರ ಹಳೆಯ ಪಾಠವೇ: ನಿಧಾನವಾಗಿ ಮೇಲೆ ಬನ್ನಿ, ಬೋಧಕರು ಹೇಳಿದ ಕಡೆ ನಿಲ್ಲಿ, ಅದೇ ದಿನ ವಿಮಾನ ಹತ್ತಬೇಡಿ. ಮೇಲೆ ಬಂದ ಮೇಲೆ ಕೀಲುನೋವು, ಮರಗಟ್ಟುವಿಕೆ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.