ವಿಜ್ಞಾನತಪಸ್ವಿ ಸರ್ ಸಿ. ವಿ. ರಾಮನ್

ಜ್ಞಾನಾರ್ಜನೆಗೆ ಬೆಲೆಬಾಳುವ ಉಪಕರಣಗಳಿಗಿಂತ ತೆರೆದ ಕಣ್ಣೂ ಬಿಡದ ಛಲವೂ ಮುಖ್ಯವೆಂಬುದಕ್ಕೆ ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಜೀವಿತವೇ ನಿದರ್ಶನ. ಅವರ ಹೆಸರನ್ನು ಹೊತ್ತ ‘ರಾಮನ್ ಪರಿಣಾಮ’ವನ್ನು ಅರಿಯದ ವಿದ್ಯಾವಂತರು ವಿರಳ. ಆದರೆ ಮೃದಂಗದ ತೊಗಲು, ದ್ರವಗಳ ಮೇಲ್ಮೈ, ಚಿಪ್ಪಿನ ತೆಳುಪದರ ಇವೇ ಮೊದಲಾದುವುಗಳನ್ನು ಕುರಿತು ಅವರು ನಡೆಸಿದ ಸಂಶೋಧನೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ರಾಮನ್ ಅವರು 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ವಿಶಾಖಪಟ್ಟಣದಲ್ಲಿ ಅಧ್ಯಾಪಕರಾಗಿದ್ದು ಸಂಗೀತದಲ್ಲಿಯೂ ಆಸಕ್ತರಾಗಿದ್ದರು. ಬಾಲಕನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ 1904ರಲ್ಲಿ ಬಿ. ಎ., 1907ರಲ್ಲಿ ಎಂ. ಎ. ಪದವಿಗಳನ್ನು ಪಡೆದನು. ಅದೇ 1907ರಲ್ಲಿ ವಕ್ರತೆಯ ಅಳತೆಯಿಂದ ದ್ರವಗಳ ಮೇಲ್ಮೈ ಎಳೆತವನ್ನು ನಿರ್ಣಯಿಸುವ ವಿಧಾನವನ್ನು ಕುರಿತ ಆತನ ಲೇಖನವು ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಆತನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಆ ಕಾಲದಲ್ಲಿ ವಿಜ್ಞಾನವನ್ನೇ ನಂಬಿ ಜೀವಿಸುವುದು ಭಾರತೀಯರಿಗೆ ದುಸ್ಸಾಧ್ಯವಾಗಿತ್ತು. ರಾಮನ್ ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಡಾಕ್ಟರ್ ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಮಹನೀಯರ ದಾನದಿಂದ ಸ್ಥಾಪಿಸಿದ್ದ ವಿಜ್ಞಾನಸಂಘದ ಪ್ರಯೋಗಶಾಲೆ ಅಲ್ಲಿ ಬಹುಮಟ್ಟಿಗೆ ಬರಿದಾಗಿತ್ತು. ಕಚೇರಿಯ ವೇಳೆಗೆ ಮೊದಲು ಮುಂಜಾನೆಯಲ್ಲಿ, ಕಚೇರಿ ಮುಗಿದ ಮೇಲೆ ಇರುಳಿನವರೆಗೆ ಅವರು ಅಲ್ಲಿ ದುಡಿದರು. ಅಶುತೋಷ ಡೇ ಎಂಬ ಸಹಾಯಕನು ಅವರ ಬಲಗೈಯಾದನು. 1917ರಲ್ಲಿ ತಾರಕನಾಥ ಪಾಲಿತರ ದತ್ತಿಯಿಂದ ಏರ್ಪಟ್ಟಿದ್ದ ಪ್ರಾಧ್ಯಾಪಕ ಪೀಠವು ಅವರನ್ನು ಕರೆಯಿತು. ಸಂಬಳ ಕಡಿಮೆಯಾದರೂ ಅವರು ಅಧಿಕಾರವನ್ನು ತ್ಯಜಿಸಿ ಆ ಪೀಠವನ್ನು ಸ್ವೀಕರಿಸಿದರು.

ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ನರ್ತಕಿಯರೊಡನೆ ವಾದ್ಯಗಾರರೂ ಮೂಡಿದ್ದಾರೆ. ಚರ್ಮವಾದ್ಯಕ್ಕೆ ನಮ್ಮವರು ಸಲ್ಲಿಸಿದ ಗೌರವ ಅಂತಹುದು. ಪಾಶ್ಚಾತ್ಯ ಶಾಸ್ತ್ರದ ದೃಷ್ಟಿಯಲ್ಲಾದರೋ ಚರ್ಮವಾದ್ಯವು ತಾಳಕ್ಕೆ ಮಾತ್ರ ಯೋಗ್ಯವಾದುದಾಗಿತ್ತು. ಸಮನಾಗಿ ಬಿಗಿದ ತೊಗಲಿನ ಉಪಸ್ವರಗಳು ಮೂಲಸ್ವರದ 1.59, 2.14 ಪಟ್ಟಿನಂತೆ ಭಿನ್ನಾಂಕಗಳಲ್ಲಿ ಹೊರಡುವುದರಿಂದ ಅದರ ನಾದವು ಒಂದುಗೂಡದು. ಆದರೆ ಮೃದಂಗ, ತಬಲಗಳ ನಾದವು ಶ್ರುತಿಗೆ ಕೂಡುತ್ತದೆ. ಇದೇಕೆಂದು ರಾಮನ್ ಅವರು ಪ್ರಶ್ನಿಸಿದರು. ತೊಗಲಿನ ಮೇಲೆ ನಯವಾದ ಮರಳನ್ನು ಉದುರಿಸಿ, ಕಂಪನವಿಲ್ಲದ ರೇಖೆಗಳಲ್ಲಿ ಅದು ನೆಲೆಗೊಳ್ಳುವುದನ್ನು ಗುರುತಿಸಿದರು. ನಡುವೆ ಮೆತ್ತಿದ ಕಪ್ಪು ಕರಣೆಯು ತನ್ನ ಭಾರದಿಂದ ಕಂಪನಗಳನ್ನು ತಿದ್ದಿ, ಒಂಬತ್ತು ಬಗೆಯ ಕಂಪನಗಳನ್ನು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕಗಳ ಐದೇ ಸ್ವರಗಳಿಗೆ ತರುತ್ತದೆಂದು ಸಿದ್ಧಪಡಿಸಿದರು. 1920ರಲ್ಲಿ ಇದರ ಮೊದಲ ವರದಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರಣೆಯನ್ನು ಪದರಪದರವಾಗಿ ಹಾಕಿ ಕಿವಿಯಿಂದಲೇ ಪರೀಕ್ಷಿಸುತ್ತ ಬಂದ ಅನಾಮಧೇಯ ಕುಶಲಕರ್ಮಿಯ ವಿವೇಕಕ್ಕೆ ಗಣಿತವು ತಲೆಬಾಗಿದ ಪ್ರಸಂಗವಿದು.

1921ರಲ್ಲಿ ಇಂಗ್ಲೆಂಡ್ ಪ್ರವಾಸದ ಸಮುದ್ರಯಾನದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯು ಅವರ ಮನಸ್ಸನ್ನು ಸೆಳೆಯಿತು. ಕಡಲಿನ ನೀಲಿಯು ಮುಗಿಲಿನ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲೆಯಂತಹ ಮೇಧಾವಿಗಳೂ ಭಾವಿಸಿದ್ದರು. ರಾಮನ್ ಅವರು ಕೈಯಲ್ಲಿದ್ದ ನಿಕಲ್ ಪಟ್ಟಕದಿಂದ ಮೇಲ್ಮೈಯ ಪ್ರತಿಫಲನವನ್ನು ನಿವಾರಿಸಿ ನೋಡಿದರು. ನೀಲಿಯು ಮಾಸುವುದರ ಬದಲು ಮತ್ತಷ್ಟು ಗಾಢವಾಯಿತು. ಬೆಳಕನ್ನು ಚದರಿಸುವುದು ನೀರಿನ ಅಣುಗಳೇ ಎಂಬ ಈ ಅರಿವಿನ ಜಾಡನ್ನು ಹಿಡಿದು ನಡೆದ ಅವರು, ಕೆ. ಎಸ್. ಕೃಷ್ಣನ್ ಅವರೊಡನೆ ದುಡಿದು, 1928ರ ಫೆಬ್ರವರಿ 28ರಂದು ಜಗದ್ವಿಖ್ಯಾತವಾದ ಪರಿಣಾಮವನ್ನು ಕಂಡುಹಿಡಿದರು. 1930ರ ನೊಬೆಲ್ ಪಾರಿತೋಷಕವು ಅದರ ಫಲ.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನಿರ್ದೇಶಕತ್ವದ ದಾರಿ ಸುಗಮವಾಗಿರಲಿಲ್ಲ. ಭಿನ್ನಾಭಿಪ್ರಾಯಗಳು ತಲೆದೋರಿ 1937ರಲ್ಲಿ ಅದನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿಯೇ ಉಳಿದರು. ಪದವಿ ಹೋದರೂ ಪ್ರಯೋಗ ನಿಲ್ಲಲಿಲ್ಲ. ಚಿಪ್ಪಿನ ಮಿರುಗು, ಹಕ್ಕಿಗಳ ಗರಿಯ ವರ್ಣ ಇವೆಲ್ಲವನ್ನೂ ಅವರು ಶೋಧಿಸಿದರು. ಮೈಸೂರು ಮಹಾರಾಜರು ಇತ್ತ ನೆಲದಲ್ಲಿ, ತಮ್ಮ ಸ್ವಂತ ಗಳಿಕೆಯನ್ನೂ ಸೇರಿಸಿ ರಾಮನ್ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ಭಾರತರತ್ನರಾದ ಅವರು 1970ರ ನವೆಂಬರ್ 21ರಂದು ದಿವಂಗತರಾದರು. ಆ ಸಂಸ್ಥೆಯ ಆವರಣದಲ್ಲಿಯೇ ಅವರ ಅಂತ್ಯಸಂಸ್ಕಾರವು ನೆರವೇರಿತು.

ಅವರು ಅಗಲಿದ ನಾಲ್ಕು ವರ್ಷಗಳಲ್ಲಿ, 1974ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿಜ್ಞಾನಿಗಳು ಒರಟಾಗಿಸಿದ ಬೆಳ್ಳಿಯ ಮೇಲ್ಮೈಗೆ ಅಂಟಿದ ಅಣುಗಳಿಂದ ರಾಮನ್ ಬೆಳಕನ್ನು ಪ್ರಬಲವಾಗಿ ಪಡೆದರು. ಇಂದು ಮೇಲ್ಮೈಗಳನ್ನೂ, ನೀರನ್ನು ಸೋಸುವ ಕೃತಕ ಪೊರೆಗಳನ್ನೂ, ಜೀವಕೋಶದ ಪೊರೆಗಳನ್ನೂ ಪರೀಕ್ಷಿಸಲು ಆ ಬೆಳಕೇ ಸಾಧನ. ಮೇಲ್ಮೈಯಿಂದ ಹೊರಟ ತರುಣನ ಹೆಸರು ಹೀಗೆ ಮೇಲ್ಮೈಗೇ ಮರಳಿತು.

ಸರ್ಕಾರರ ಸಂಘ, ಪಾಲಿತರ ದತ್ತಿ, ಮಹಾರಾಜರ ನೆಲ ಇವಿಲ್ಲದೆ ರಾಮನ್ ಅವರ ಪ್ರತಿಭೆ ಕಚೇರಿಯ ಲೆಕ್ಕದ ಪುಸ್ತಕಗಳಲ್ಲಿ ಹೂತುಹೋಗುತ್ತಿತ್ತೇನೋ. ವಿದ್ಯೆಗಾಗಿ ಇತ್ತುದು ಯಾರಲ್ಲಿ, ಎಂದು ಫಲಿಸೀತೆಂದು ದಾನಿಯು ಅರಿಯನು. ಹೊಸಪೇಟೆ, ಸೊಂಡೂರು, ಕಂಪ್ಲಿಗಳ ಮಕ್ಕಳು ತುಂಗಭದ್ರಾ ಜಲಾಶಯದ ನೀಲಿಯನ್ನು ದಿನವೂ ಕಾಣುತ್ತಾರೆ. ಅದೇಕೆ ನೀಲಿ ಎಂದು ಕೇಳುವ ಮಗುವಿಗೆ ಬೇಸರವಿಲ್ಲದೆ ಉತ್ತರಿಸುವ ಗುರುವೂ, ಆ ಗುರುವಿಗೆ ನೆರಳಾಗುವ ಶಾಲೆಯೂ ಇರುವವರೆಗೆ ರಾಮನ್ ಅವರ ಪರಂಪರೆ ಬತ್ತದು.