ಅಕಾರಾದಿಯ ಶ್ರಮಜೀವಿ: ಫರ್ಡಿನೆಂಡ್ ಕಿಟೆಲ್

ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದು 1832ರಲ್ಲಿ. ರಾಯದುರ್ಗವೂ ಮಡಕಶಿರವೂ ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅದೇ ವರ್ಷದ ಏಪ್ರಿಲಿನಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ರೆಸ್ಟರ್‌ಹಾಫೆ ಎಂಬಲ್ಲಿ, ಆ ಕಾರ್ಯವನ್ನು ಬಹುದೂರ ಮುಂದೊಯ್ಯಲಿದ್ದ ಫರ್ಡಿನೆಂಡ್ ಕಿಟೆಲ್ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು.

ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದ ಅವರು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆ ಸಲ್ಲಿಸಿದರು. ಮಡದಿ ಪೌಲೀನೆ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಯೂಲಿಯೆಯನ್ನು ವರಿಸಿದರು. ಧರ್ಮಪ್ರಚಾರಕ್ಕಿಂತ ಭಾಷಾವ್ಯಾಸಂಗದತ್ತ ಅವರ ಮನಸ್ಸು ಹೆಚ್ಚು ಒಲಿದದ್ದು ಮಿಷನ್ನಿನ ಕೆಲವರಿಗೆ ಹಿಡಿಸಲಿಲ್ಲ. ಆ ಒಲವಿನ ಫಲವಾಗಿಯೇ ಕೇಶಿರಾಜನ ಶಬ್ದಮಣಿದರ್ಪಣವೂ (1872) ನಾಗವರ್ಮನ ಛಂದೋಂಬುಧಿಯೂ (1875) ಅವರ ಸಂಪಾದನೆಯಲ್ಲಿ ಬೆಳಕು ಕಂಡವು.

ಇವೆಲ್ಲ ಒಂದು ಬಗೆಯಲ್ಲಿ ಪೂರ್ವಸಿದ್ಧತೆ. ಕಾವ್ಯಗಳಿಂದ, ಗಾದೆಗಳಿಂದ, ಆಡುಮಾತಿನಿಂದ ಆಯ್ದ ಸುಮಾರು 70,000 ಪದಗಳು ಅವರ ಮುಂದಿದ್ದವು. ಪದ ಕೂಡಿಸುವುದು ಒಂದು ಕಷ್ಟ. ಕೂಡಿಸಿದ್ದನ್ನು ಬೇಕೆಂದಾಗ ಸಿಗುವಂತೆ ಸಾಲಿಗೆ ನಿಲ್ಲಿಸುವುದು ಬೇರೆಯೇ ಕಷ್ಟ. ಮೊದಲ ಅಕ್ಷರ ಒಂದೇ ಆದರೆ ಎರಡನೆಯದನ್ನು ನೋಡಬೇಕು, ಅದೂ ಒಂದೇ ಆದರೆ ಮೂರನೆಯದನ್ನು. ‘ಕಾಡು’ ಎಂಬುದು ಅರಣ್ಯವೂ ಹೌದು, ಪೀಡಿಸು ಎಂಬ ಕ್ರಿಯೆಯೂ ಹೌದು. ಎಲ್ಲ ಅಕ್ಷರಗಳೂ ಒಂದೇ ಆದಾಗ ಯಾವುದು ಮುಂದೆ? ಹಳಗನ್ನಡದ ಱ, ೞ ಅಕ್ಷರಗಳಿಗೆ ಎಲ್ಲಿ ಎಡೆ? ಇಂಥ ತೀರ್ಮಾನಗಳನ್ನು ಪುಟಪುಟಕ್ಕೂ ಕೈಯಾರೆ ಮಾಡಬೇಕಿತ್ತು.

ಇಂದು ಪೈಥಾನಿನಂಥ ಸ್ಕ್ರಿಪ್ಟಿಂಗ್ ಭಾಷೆ ಕಲಿಯುವ ವಿದ್ಯಾರ್ಥಿಗೆ ಪಟ್ಟಿಯನ್ನು ಜೋಡಿಸಲು ಒಂದೇ ಆಜ್ಞೆ ಸಾಕು. ಆದರೆ ‘ಬಹಳ, ಬಳೆ, ಬಸವ’ ಎಂಬ ಪಟ್ಟಿ ಕೊಟ್ಟರೆ ಅದು ಬಳೆ, ಬಸವ, ಬಹಳ ಎಂದು ಜೋಡಿಸುತ್ತದೆ. ಯಂತ್ರಕ್ಕೆ ವರ್ಣಮಾಲೆ ತಿಳಿಯದು; ಯೂನಿಕೋಡಿನಲ್ಲಿ ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನಷ್ಟೇ ಅದು ಹೋಲಿಸುತ್ತದೆ, ಅಲ್ಲಿ ಳಕಾರವು ಲಕಾರದ ಬೆನ್ನಿಗೇ ಕುಳಿತಿದೆ. ನಮ್ಮ ಬಾಲಪಾಠದಲ್ಲಿ ಅದರ ಸ್ಥಾನ ಹಕಾರದ ಅನಂತರ. ಮರಾಠಿಯಲ್ಲಿಯೂ ತೆಲುಗಿನಲ್ಲಿಯೂ ಹಾಗೆಯೇ. ಗಡಿಯ ಮಕ್ಕಳಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಹೋಲಿಕೆಗೆ ಆಧಾರವಾಗುವ ಕ್ರಮವನ್ನು ‘ಕೀ’ ಎಂಬ ಹೆಸರಿನಲ್ಲಿ ನಾವೇ ಬರೆದು ಕೊಟ್ಟರೆ ಮಾತ್ರ ಬಸವ, ಬಹಳ, ಬಳೆ ಎಂಬ ಸಾಲು ದೊರೆಯುತ್ತದೆ. ಕಿಟೆಲ್ಲರ ಕೀಲಿ ಅವರ ತಲೆಯಲ್ಲಿತ್ತು, ಕೇಶಿರಾಜನಿಂದ ಕಲಿತ ವ್ಯಾಕರಣದಲ್ಲಿತ್ತು.

ಸರದಿಗಿಂತಲೂ ಮಿಗಿಲಾದುದು ಅವರ ವಿಂಗಡಣೆಯ ಪ್ರಾಮಾಣಿಕತೆ. ಸಂಸ್ಕೃತದಿಂದ ಬಂದುದನ್ನು, ತದ್ಭವವನ್ನು, ಮರಾಠಿ–ಹಿಂದೂಸ್ತಾನಿಗಳಿಂದ ಬಂದುದನ್ನು ಗುರುತಿಸಿದರು. ದೇಶ್ಯ ಪದಗಳ ಬಳಿ ತಮಿಳು, ತೆಲುಗು, ತುಳು, ಮಲಯಾಳಗಳ ಸೋದರ ರೂಪಗಳನ್ನು ಇಟ್ಟರು. ಎರವಲನ್ನು ಎರವಲೆಂದೇ ಬರೆದರೂ ಪಟ್ಟಿಯಿಂದ ಹೊರದೂಡಲಿಲ್ಲ. ಮೂರು ಭಾಷೆಗಳು ಬೆರೆಯುವ ಸೀಮೆಯವರಿಗೆ ಈ ಔದಾರ್ಯದ ಬೆಲೆ ಚೆನ್ನಾಗಿ ಗೊತ್ತು.

ಸುಮಾರು ಎರಡು ದಶಕಗಳ ದುಡಿಮೆ. 1,700ಕ್ಕೂ ಹೆಚ್ಚು ಪುಟಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ವೃದ್ಧಾಪ್ಯದಲ್ಲಿಯೂ ಅವರು ಲೇಖನಿ ಕೆಳಗಿಡಲಿಲ್ಲ; ಮೂರೂ ಅವಸ್ಥೆಗಳ ಕನ್ನಡವನ್ನು ಒಳಗೊಂಡ ವ್ಯಾಕರಣ ಗ್ರಂಥವು 1903ರಲ್ಲಿ ಹೊರಬಂತು. ಅದೇ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ನಿಧನರಾದರು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.